‘ನಂಬಿಕಸ್ಥ ಕೆಲಸದವರು ಸಿಗಲ್ಲ’: 270 ವರ್ಷ ಹಳೇ ಕಂಪ್ಲೇಂಟ್



ಇವತ್ತಿನ ಸಂಚಿಕೆ ರಾಜರದ್ದಲ್ಲ, ಯುದ್ಧದ್ದಲ್ಲ. ಮನೆ ಒರೆಸೋರು, ಬಾತ್‌ರೂಮ್ ಉಜ್ಜೋರು, ಮತ್ತೆ ಅವರನ್ನ ಕೆಲಸಕ್ಕೆ ತಗೊಳ್ಳೋರ ಇತಿಹಾಸ. ಯಾಕೆ ಈ ವಿಷಯ ಅಂದ್ರೆ, ಇದರಲ್ಲಿ ನಾನೊಂದು ತಪ್ಪು ಮಾಡಿದೀನಿ. ಮೊದಲು ಅದನ್ನೇ ಹೇಳ್ಬಿಡ್ತೀನಿ.

ನನ್ನ ಕಾಲೇಜ್ ಗೆಳೆಯ ಒಬ್ಬ ಬೆಂಗಳೂರಲ್ಲಿ ಚಿಕ್ಕದೊಂದು ಕ್ಲೀನಿಂಗ್ ಬಿಸಿನೆಸ್ ಶುರು ಮಾಡ್ದ. ಗೃಹಪ್ರವೇಶಕ್ಕೆ ಮುಂಚೆ, ಬಾಡಿಗೆದಾರರು ಮನೆ ಬದಲಾಯಿಸಿದಾಗ, ಹಬ್ಬದ ಹಿಂದಿನ ವಾರ ಜನ ಮಾಡಿಸ್ತಾರಲ್ಲ, ಆ ಡೀಪ್ ಕ್ಲೀನಿಂಗ್. ಎರಡು ವ್ಯಾಕ್ಯೂಮ್ ಮೆಷಿನ್, ಒಂದು ಸೆಕೆಂಡ್ ಹ್ಯಾಂಡ್ ಓಮ್ನಿ, ಆರು ಜನ ಕೆಲಸದವರು. ನಾನು ಬಿ.ಕಾಂ. ಓದಿದವನು, ಹಾಗಾಗಿ ಸಂಜೆ ಹೊತ್ತು ಅವನ ಲೆಕ್ಕಪತ್ರ ನನ್ನ ತಲೆಗೆ. ಎಂಟು ತಿಂಗಳಾದ ಮೇಲೆ ಕೂತು ನೋಡಿದ್ರೆ, ಆರು ಜಾಗಕ್ಕೆ ಬಂದು ಬಿಟ್ಟು ಹೋದವರು 19 ಜನ. ಬೆಳಗ್ಗೆ ಆರು ಗಂಟೆಗೆ ಫೋನ್ ಸ್ವಿಚ್ ಆಫ್. ಎಂಟು ಗಂಟೆಗೆ ಕಸ್ಟಮರ್ ಮನೆ ಮುಂದೆ ಇವನೊಬ್ಬನೇ ಬಕೆಟ್ ಹಿಡ್ಕೊಂಡು ನಿಂತಿರ್ತಿದ್ದ.

ಅವನ ಗೋಳು ಒಂದೇ: ‘ನಂಬಿಕಸ್ಥ ಜನ ಸಿಗ್ತಾ ಇಲ್ಲ ಮಗಾ.’

ಅದಕ್ಕೆ ನಾನು ಒಂದು ಪ್ಲಾನ್ ಕೊಟ್ಟೆ. ಹೊಸಬರ ಮೊದಲ ಹದಿನೈದು ದಿನದ ಸಂಬಳ ಹಿಡಿದಿಟ್ಕೋ. ಮೂರು ತಿಂಗಳು ಬಿಡದೆ ಬಂದ್ರೆ ಕೊಡು. ಮಧ್ಯೆ ಬಿಟ್ರೆ ಆ ದುಡ್ಡು ಇಲ್ಲ. ಆ ಷರತ್ತನ್ನ ಕನ್ನಡದಲ್ಲಿ ನೀಟಾಗಿ ಟೈಪ್ ಮಾಡಿ ಪ್ರಿಂಟ್ ತೆಗೆದವನೂ ನಾನೇ.

ಒಂದೂವರೆ ತಿಂಗಳಾಗಿತ್ತು. ರಾಯಚೂರು ಕಡೆಯ ಒಬ್ಬ ಅಕ್ಕ, ಅವರ ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಹೊರಟ್ರು. ವಾಪಸ್ ಬರ್ತೀನೋ ಇಲ್ವೋ ಗೊತ್ತಿಲ್ಲ, ನನ್ನ ಹದಿನೈದು ದಿನದ ದುಡ್ಡು ಕೊಡಿ ಅಂದ್ರು. 7,500 ರೂಪಾಯಿ. ಗೆಳೆಯ ನಾನು ಟೈಪ್ ಮಾಡಿದ್ದ ಕಾಗದ ತೋರಿಸ್ದ. ಆ ಅಕ್ಕ ಜಗಳ ಆಡಲಿಲ್ಲ. ಇಷ್ಟೇ ಹೇಳಿದ್ರು: ‘ನೀವು ನನ್ನ ಆಧಾರ್ ಇಸ್ಕೊಂಡ್ರಿ, ಪೊಲೀಸ್ ವೆರಿಫಿಕೇಶನ್ ಮಾಡಿಸಿದ್ರಿ. ನೀವು ನಂಬಿಕಸ್ಥರು ಹೌದೋ ಅಲ್ವೋ ಅಂತ ನಾನು ಯಾವ ಸ್ಟೇಷನ್ನಿಗೆ ಹೋಗಿ ಕೇಳ್ಬೇಕ್ರೀ?’

ನಾನು ಅಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಉತ್ತರ ಇರಲಿಲ್ಲ. ಅವತ್ತಿಂದ ಈ ‘ನಂಬಿಕಸ್ಥ’ ಅನ್ನೋ ಪದದ ಹಿಂದೆ ಬಿದ್ದು ಓದ್ತಾ ಹೋದೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಲಂಡನ್, 1750: ಒಂದು ರಿಜಿಸ್ಟರ್ ಆಫೀಸು

‘ಟಾಮ್ ಜೋನ್ಸ್’ ಅನ್ನೋ ಇಂಗ್ಲಿಷ್ ಕಾದಂಬರಿ ಬರೆದ ಹೆನ್ರಿ ಫೀಲ್ಡಿಂಗ್ ಹೆಸರನ್ನ ಸಾಹಿತ್ಯ ಓದಿದವರು ಕೇಳಿರ್ತೀರಿ. ಅವನು ಬರೀ ಕಾದಂಬರಿಕಾರ ಅಲ್ಲ, ಲಂಡನ್ನಿನ ಬೋ ಸ್ಟ್ರೀಟ್‌ನಲ್ಲಿ ಮ್ಯಾಜಿಸ್ಟ್ರೇಟ್ ಕೂಡ ಆಗಿದ್ದ. ಅವನ ತಮ್ಮ ಜಾನ್ ಫೀಲ್ಡಿಂಗ್‌ಗೆ ಕಣ್ಣು ಕಾಣ್ತಿರಲಿಲ್ಲ. ಮುಂದೆ ಅವನೂ ಅದೇ ಕೋರ್ಟಿನ ಹೆಸರಾಂತ ಮ್ಯಾಜಿಸ್ಟ್ರೇಟ್ ಆದ. ಈ ಅಣ್ಣತಮ್ಮಂದಿರು 1750ರಲ್ಲಿ ಸ್ಟ್ರ್ಯಾಂಡ್ ರಸ್ತೆಯಲ್ಲಿ ‘ಯೂನಿವರ್ಸಲ್ ರಿಜಿಸ್ಟರ್ ಆಫೀಸ್’ ಅಂತ ಒಂದು ಕಚೇರಿ ತೆರೆದರು.

ಐಡಿಯಾ ಏನು? ಊರಲ್ಲಿ ಯಾರಿಗೆ ಏನು ಬೇಕು, ಯಾರ ಹತ್ರ ಏನಿದೆ, ಎಲ್ಲಾ ಒಂದೇ ಕಡೆ ಬರೆದಿಡೋದು. ಬಾಡಿಗೆ ಮನೆ, ಸಾಲ, ಮತ್ತೆ ಮುಖ್ಯವಾಗಿ ಮನೆಕೆಲಸದವರು. ಕೆಲಸ ಬೇಕಾದವರು ಬಂದು ಹೆಸರು, ಹಿಂದೆ ಎಲ್ಲಿ ಕೆಲಸ ಮಾಡಿದ್ದು ಅನ್ನೋದನ್ನ ಬರೆಸಬೇಕು. ಯಜಮಾನರು ಫೀಸು ಕೊಟ್ಟು ಆರಿಸಿಕೊಳ್ಳಬೇಕು. ನಡತೆ ಸರಿಯಿಲ್ಲದವರನ್ನ ನಾವು ಪುಸ್ತಕಕ್ಕೆ ಸೇರಿಸಲ್ಲ ಅನ್ನೋದು ಅವರ ಭರವಸೆ. ನಿಮ್ಮ ಫೋನಲ್ಲಿರೋ ಸರ್ವಿಸ್ ಆ್ಯಪ್‌ಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಕಾಗದ, ಶಾಯಿ, ಅಷ್ಟೇ.

ಆದ್ರೆ ಒಂದು ವಿಷಯ ಗಮನಿಸಿ. ಈ ಆಫೀಸು ನಡೆಸ್ತಿದ್ದವರು ಕಳ್ಳರನ್ನ ಜೈಲಿಗೆ ಕಳಿಸೋ ಕೆಲಸದವರು. ಕೆಲಸದವರು ಅಂದ್ರೆ ಮೊದಲು ಅನುಮಾನ, ಆಮೇಲೆ ನಂಬಿಕೆ ಅನ್ನೋ ಲೆಕ್ಕ ಅಲ್ಲೇ ಕೂತಿತ್ತು.

ಒಂದು ಪತ್ರದ ಬೆಲೆ

ಆ ಕಾಲದ ಇಂಗ್ಲೆಂಡಿನಲ್ಲಿ ಕೆಲಸದವರಿಗೆ ಬೇಕಿದ್ದದ್ದು ಒಂದೇ ದಾಖಲೆ: ಹಿಂದಿನ ಯಜಮಾನ ಕೊಡುವ ನಡತೆ ಪತ್ರ. ಅದನ್ನ ಅವರು ಸುಮ್ನೆ ‘ಕ್ಯಾರೆಕ್ಟರ್’ ಅಂತ ಕರೀತಿದ್ರು. ಪತ್ರ ಇಲ್ಲ ಅಂದ್ರೆ ಕ್ಯಾರೆಕ್ಟರ್ರೇ ಇಲ್ಲ!

ಬೇಡಿಕೆ ಇದ್ದ ಕಡೆ ನಕಲಿ ಮಾಲು ಬಂದೇ ಬರುತ್ತೆ. ಸುಳ್ಳು ಪತ್ರಗಳ ವ್ಯಾಪಾರ ಜೋರಾಯ್ತು. 1792ರಲ್ಲಿ ಬ್ರಿಟಿಷ್ ಸಂಸತ್ತು ಇದಕ್ಕಾಗಿಯೇ ಒಂದು ಕಾನೂನು ಮಾಡಿತು. ಸುಳ್ಳು ನಡತೆ ಪತ್ರ ಕೊಟ್ಟರೆ, ಪತ್ರ ತಿದ್ದಿದರೆ, ನಕಲಿ ಯಜಮಾನನ ವೇಷ ಹಾಕಿ ಶಿಫಾರಸು ಮಾಡಿದರೆ 20 ಪೌಂಡ್ ದಂಡ. ದುಡ್ಡು ಕಟ್ಟದಿದ್ದರೆ ಜೈಲು. 20 ಪೌಂಡ್ ಅಂದ್ರೆ ಒಬ್ಬ ಸಾಮಾನ್ಯ ಮನೆಕೆಲಸದ ಹುಡುಗಿಯ ಒಂದು ವರ್ಷದ ಸಂಬಳಕ್ಕಿಂತ ಎಷ್ಟೋ ಜಾಸ್ತಿ. ಈ ಕಾನೂನು ಪುಸ್ತಕದಿಂದ ಪೂರ್ತಿ ಅಳಿಸಿ ಹೋಗಿದ್ದು 2008ರಲ್ಲಿ. ಹೌದು, ಫೇಸ್‌ಬುಕ್ ಬಂದು ನಾಲ್ಕು ವರ್ಷ ಆದ್ಮೇಲೆ.

ಈಗ ಇನ್ನೊಂದು ಬದಿ ನೋಡಿ. 1800ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂತು, ಕ್ಯಾರಲ್ ವರ್ಸಸ್ ಬರ್ಡ್. ಬಿಟ್ಟು ಹೋಗುವ ಕೆಲಸದವರಿಗೆ ಯಜಮಾನರು ಪತ್ರ ಕೊಡಲೇಬೇಕಾ ಅನ್ನೋದು ಪ್ರಶ್ನೆ. ಬೇಕಿಲ್ಲ ಅಂತ ತೀರ್ಪು ಬಂತು.

ಎರಡನ್ನೂ ಜೋಡಿಸಿ. ಪತ್ರ ಇಲ್ಲದೆ ಕೆಲಸ ಇಲ್ಲ. ಪತ್ರ ತಿದ್ದಿದರೆ ಶಿಕ್ಷೆ. ಆದರೆ ಪತ್ರ ಕೊಡಲೇಬೇಕು ಅನ್ನೋ ಬಾಧ್ಯತೆ ಯಜಮಾನನಿಗೆ ಇಲ್ಲ. ಅಂದ್ರೆ ಅವನು ಬಯ್ಯಬೇಕಿಲ್ಲ, ಹೊಡೆಯಬೇಕಿಲ್ಲ, ಸುಮ್ಮನಿದ್ದರೆ ಸಾಕು. ಆ ಹುಡುಗಿಯ ಮುಂದಿನ ಬಾಗಿಲು ಮುಚ್ಚಿತು. ಕೆಲಸದವರ ನಂಬಿಕಸ್ಥತನ ಯಜಮಾನನ ಮೇಜಿನ ಡ್ರಾಯರ್‌ನಲ್ಲಿ ಬೀಗ ಹಾಕಿ ಕೂತಿತ್ತು.

ಇಂಡಿಯಾ: ಚೀಟಿ, ಒಂದು ರೂಪಾಯಿ, ಮತ್ತೆ ಮುಂಗಡ

ಇದೇ ಪದ್ಧತಿ ಬ್ರಿಟಿಷರ ಜೊತೆ ಹಡಗು ಹತ್ತಿ ಇಲ್ಲಿಗೂ ಬಂತು. ಇಲ್ಲಿ ಅದಕ್ಕೆ ‘ಚಿಟ್’ ಅಂತ ಹೆಸರು. ಇಂಗ್ಲಿಷಿನ ಆ ಪದ ಹುಟ್ಟಿದ್ದೇ ಹಿಂದಿಯ ಚಿಟ್ಠಿಯಿಂದ, ನಮ್ಮ ಚೀಟಿಯ ನೆಂಟ. ಅಡುಗೆಯವರು, ಬಟ್ಲರ್‌ಗಳು, ಆಯಾಗಳು ಹಳೇ ದೊರೆಗಳು ಬರೆದುಕೊಟ್ಟ ಚೀಟಿಗಳ ಕಟ್ಟನ್ನ ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡ್ತಿದ್ರು. ಆ ಕಾಲದ ಬ್ರಿಟಿಷರ ಬರಹಗಳಲ್ಲಿ ಒಂದು ಜೋಕ್ ಪದೇ ಪದೇ ಬರುತ್ತೆ: ಕೆಲಸದವರಿಗೆ ಇಂಗ್ಲಿಷ್ ಓದೋಕೆ ಬರಲ್ಲ ಅಂತ ಗೊತ್ತಿದ್ದು, ಕೆಲವು ದೊರೆಗಳು ಚೀಟಿಯಲ್ಲಿ ಅವರನ್ನೇ ಗೇಲಿ ಮಾಡಿ ಬರೀತಿದ್ರು. ಪಾಪ, ಆ ಮನುಷ್ಯ ಹೆಮ್ಮೆಯಿಂದ ಅದನ್ನೇ ಮುಂದಿನ ಬಂಗಲೆಯಲ್ಲಿ ತೋರಿಸ್ತಿದ್ದ.

1880ರ ದಶಕದ ಕೊನೆಯ ಹೊತ್ತಿಗೆ ಫ್ಲೋರಾ ಆ್ಯನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಅನ್ನೋ ಇಬ್ಬರು ಮೇಮ್‌ಸಾಹೇಬರು ಇಂಡಿಯಾದಲ್ಲಿ ಮನೆ ನಡೆಸೋದು ಹೇಗೆ ಅಂತ ಒಂದು ದಪ್ಪ ಕೈಪಿಡಿ ಬರೆದರು. ಹಲವು ಆವೃತ್ತಿ ಕಂಡ ಪುಸ್ತಕ. ಅದರಲ್ಲಿ ಕೆಲಸದವರನ್ನ ಹದ್ದುಬಸ್ತಿನಲ್ಲಿಡೋಕೆ ಒಂದು ಉಪಾಯ ಇದೆ. ಬಡಿಸುವ ಆಳಿಗೆ ಮಾರುಕಟ್ಟೆ ದರ ತಿಂಗಳಿಗೆ 10 ರೂಪಾಯಿ ಅಂತಿಟ್ಕೊಳ್ಳಿ. ನೀವು 9 ರೂಪಾಯಿಗೆ ಗೊತ್ತು ಮಾಡಿಕೊಳ್ಳಿ. ಉಳಿದ ಒಂದು ರೂಪಾಯಿಯನ್ನ ಒಳ್ಳೆ ನಡತೆಯ ಬಕ್ಷೀಸು ಅನ್ನಿ. ಮರೆತರೆ ಅದರಲ್ಲಿ ಒಂದು ಪೈಸೆ ಕಟ್. ಸುಳ್ಳು ಹೇಳಿದರೆ ಇಡೀ ರೂಪಾಯಿ ಕಟ್. ಆಗಿನ ಲೆಕ್ಕದಲ್ಲಿ ರೂಪಾಯಿಗೆ 64 ಪೈಸೆ.

ಇದನ್ನ ಓದಿದಾಗ ನನಗೆ ಹೊಟ್ಟೆ ತೊಳಸಿದ ಹಾಗಾಯ್ತು. ಅವರದ್ದೇ ದುಡ್ಡು ಹಿಡಿದಿಟ್ಟು, ಅದನ್ನೇ ಬಹುಮಾನ ಅಂತ ತೋರಿಸೋದು. ನಾನು ಟೈಪ್ ಮಾಡಿದ ಷರತ್ತೂ ಅದೇ ತಾನೆ? ನಾನೇನೋ ಹೊಸ ಎಚ್.ಆರ್. ಪಾಲಿಸಿ ಕಂಡುಹಿಡಿದೆ ಅಂದ್ಕೊಂಡಿದ್ದೆ.

ದುಡ್ಡು ಹಿಡಿದಿಡೋದು ಒಂದು ದಾರಿ. ಇನ್ನೊಂದು ದಾರಿ ಮುಂಗಡ ಕೊಟ್ಟು ಕಟ್ಟಿಹಾಕೋದು. ಕಲ್ಕತ್ತೆಯ ಬ್ರಿಟಿಷ್ ವ್ಯಾಪಾರಿಗಳ ಒತ್ತಾಯದ ಮೇಲೆ 1859ರಲ್ಲಿ ಸರ್ಕಾರ ಒಂದು ಕಾಯಿದೆ ತಂದಿತು. ಮುಂಗಡ ತಗೊಂಡ ಕೆಲಸಗಾರ ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು. ದುಡ್ಡು ವಾಪಸ್ ಕೊಡು ಇಲ್ಲಾ ಕೆಲಸಕ್ಕೆ ಹೋಗು ಅಂತ ಆದೇಶ ಆಗುತ್ತೆ. ಎರಡೂ ಮಾಡದಿದ್ದರೆ ಮೂರು ತಿಂಗಳವರೆಗೆ ಜೈಲು. ಸಂಬಳ ಕೊಡದ ಯಜಮಾನನಿಗೆ ಈ ಕಾಯಿದೆಯಲ್ಲಿ ಜೈಲು ಇಲ್ಲ. ದೊಡ್ಡ ಊರುಗಳಿಗೆ ಅಂತ ಹುಟ್ಟಿದ ಈ ಕಾಯಿದೆ ಆಮೇಲೆ ತೋಟಗಳಿಗೂ ಹಬ್ಬಿತು. ನಮ್ಮ ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಿ ಮೇಸ್ತ್ರಿಯ ಕೈಗೆ ಮುಂಗಡ ಕೊಟ್ಟು ಘಟ್ಟದ ಕೆಳಗಿಂದ, ತಮಿಳು ಸೀಮೆಯಿಂದ ಆಳು ತರಿಸ್ತಿದ್ದ ಕಾಲದಲ್ಲಿ ಪ್ಲ್ಯಾಂಟರ್‌ಗಳು ಇದನ್ನ ಚೆನ್ನಾಗಿಯೇ ಬಳಸಿಕೊಂಡರು. ಕಾಯಿದೆ ರದ್ದಾಗಿದ್ದು 1925ರಲ್ಲಿ.

ಮೂರು ಸಾಧನ ಆಯ್ತು: ಪತ್ರ, ಹಿಡಿದಿಟ್ಟ ಸಂಬಳ, ಮುಂಗಡ. ಮೂರರಲ್ಲೂ ಪರೀಕ್ಷೆ ಒಂದೇ ಕಡೆಗೆ. ಹಾಗಾದ್ರೆ ಕೆಲಸದವರು ತಿರುಗಿ ಪ್ರಶ್ನೆ ಕೇಳಿದ್ದೇ ಇಲ್ವಾ? ಕೇಳಿದ್ರು.

ಅಟ್ಲಾಂಟಾ 1881, ಬ್ರಾಂಕ್ಸ್ 1935

ಅಮೆರಿಕದಲ್ಲಿ ಗುಲಾಮಗಿರಿ ಕೊನೆಯಾಗಿ ಹದಿನಾರು ವರ್ಷ ಆಗಿತ್ತು. ಅಟ್ಲಾಂಟಾ ನಗರದಲ್ಲಿ ಬಟ್ಟೆ ಒಗೆಯುವ ಕಪ್ಪು ಮಹಿಳೆಯರು 1881ರ ಜುಲೈನಲ್ಲಿ ಒಂದು ಸಂಘ ಕಟ್ಟಿದರು. ಶುರುವಿನಲ್ಲಿ ಇದ್ದದ್ದು 20 ಜನ. ಮೂರೇ ವಾರದಲ್ಲಿ 3,000. ಒಂದು ಡಜನ್ ಪೌಂಡ್ ಬಟ್ಟೆಗೆ ಒಂದು ಡಾಲರ್, ಊರಿಗೆಲ್ಲಾ ಒಂದೇ ದರ, ಇದು ಬೇಡಿಕೆ. ಮುಷ್ಕರ ಹೂಡಿದರು. ಕೆಲವರನ್ನ ಬಂಧಿಸಿ ದಂಡ ಹಾಕಿದರು. ನಗರ ಮಂಡಳಿ, ಸಂಘದಲ್ಲಿರುವ ಪ್ರತಿಯೊಬ್ಬರೂ ವರ್ಷಕ್ಕೆ 25 ಡಾಲರ್ ಲೈಸೆನ್ಸ್ ಫೀ ಕಟ್ಟಬೇಕು ಅನ್ನೋ ಪ್ರಸ್ತಾಪ ತಂದಿತು. ಅವರ ತಿಂಗಳ ದುಡಿಮೆ 4ರಿಂದ 8 ಡಾಲರ್. ಆ ಹೆಂಗಸರು ಮೇಯರ್‌ಗೆ ಪತ್ರ ಬರೆದರು: ಲೈಸೆನ್ಸ್ ಕಟ್ಟೋಕೆ ನಾವು ರೆಡಿ, ಆದರೆ ಆಮೇಲೆ ಊರಿನ ಬಟ್ಟೆ ಒಗೆಯುವ ಕೆಲಸದ ಮೇಲೆ ಹಿಡಿತ ನಮ್ಮದೇ. ಕೊನೆಗೆ ಆ ಫೀ ಜಾರಿಗೆ ಬರಲಿಲ್ಲ.

ಇಲ್ಲಿ ನನಗೆ ಹಿಡಿಸಿದ್ದು ಏನಂದ್ರೆ, ನಂಬಿಕಸ್ಥರು ಯಾರು ಅನ್ನೋದನ್ನ ನಿರ್ಧರಿಸೋ ಹಕ್ಕು ಯಜಮಾನರದ್ದು ಮಾತ್ರ ಅಲ್ಲ ಅಂತ ಅವರು ಹೇಳಿದ್ದು.

ಈಗ 1935ಕ್ಕೆ ಬನ್ನಿ. ಮಹಾ ಆರ್ಥಿಕ ಕುಸಿತದ ಕಾಲ. ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ರಸ್ತೆ ಮೂಲೆಗಳಲ್ಲಿ ಬೆಳಗ್ಗೆ ಬೆಳಗ್ಗೆ ಕಪ್ಪು ಮಹಿಳೆಯರು ಕಾಗದದ ಚೀಲದಲ್ಲಿ ಕೆಲಸದ ಬಟ್ಟೆ ಇಟ್ಕೊಂಡು ನಿಲ್ತಿದ್ರು. ಮನೆ ಯಜಮಾನಿಯರು ಬಂದು ಚೌಕಾಸಿ ಮಾಡಿ ಕರ್ಕೊಂಡು ಹೋಗ್ತಿದ್ರು. ಗಂಟೆಗೆ 30 ಸೆಂಟ್, ಕೆಲವೊಮ್ಮೆ 15ಕ್ಕೂ ಇಳೀತಿತ್ತು. ನಮ್ಮೂರ ಸರ್ಕಲ್‌ಗಳಲ್ಲಿ ಬೆಳಗ್ಗೆ ಏಳಕ್ಕೆ ಗಾರೆ ಕೆಲಸದವರು ನಿಂತಿರ್ತಾರಲ್ಲ, ಹಾಗೆ. ಕೆಲವು ಮನೆಗಳಲ್ಲಿ ಒಂದು ಗಂಟೆಯ ಕೂಲಿ ಉಳಿಸೋಕೆ ಗೋಡೆ ಗಡಿಯಾರದ ಮುಳ್ಳನ್ನೇ ಹಿಂದೆ ತಿರುಗಿಸ್ತಿದ್ರು.

ಎಲ್ಲಾ ಬೇಕರ್ ಮತ್ತು ಮಾರ್ವೆಲ್ ಕುಕ್ ಅನ್ನೋ ಇಬ್ಬರು ಕಪ್ಪು ಮಹಿಳೆಯರು ಆ ಮೂಲೆಗಳಿಗೆ ತಾವೇ ಹೋಗಿ ನೋಡಿ, 1935ರ ನವೆಂಬರ್‌ನಲ್ಲಿ ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ ವರದಿ ಬರೆದರು. 1941ರಲ್ಲಿ ಮೇಯರ್ ಲಾಗ್ವಾರ್ಡಿಯಾ ಕೆಲಸದವರಿಗೆ ಒಳಗೆ ಕೂತು ಕಾಯೋಕೆ ನೇಮಕಾತಿ ಕೇಂದ್ರ ತೆರೆಸಿದರು. ಆದರೆ 1950ರಲ್ಲಿ ಮಾರ್ವೆಲ್ ಕುಕ್ ಮತ್ತೆ ಕಾಗದದ ಚೀಲ ಹಿಡಿದು ಹೋಗಿ ನಿಂತಾಗ ಆ ಮೂಲೆ ಹಾಗೇ ಇತ್ತು. ಯಾಕೆ? ಕಾನೂನು ಅವರನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ. ಅಮೆರಿಕದ 1938ರ ಕನಿಷ್ಠ ವೇತನ ಕಾನೂನು ಮನೆಕೆಲಸದವರನ್ನ ಹೊರಗಿಟ್ಟಿತ್ತು. ಒಳಗೆ ಸೇರಿಸಿದ್ದು 1974ರಲ್ಲಿ.

ನಮ್ಮ ಕಥೆ ಬೇರೆಯಾ? ಕರ್ನಾಟಕದಲ್ಲಿ ಮನೆಕೆಲಸದವರಿಗೆ ಕನಿಷ್ಠ ವೇತನದ ಅಧಿಸೂಚನೆ ಬಂದಿದ್ದು 2004ರಲ್ಲಿ. ದೇಶದಲ್ಲಿ ಈ ಹೆಜ್ಜೆ ಮೊದಲು ಇಟ್ಟವರ ಸಾಲಿನಲ್ಲಿ ನಾವಿದ್ದೀವಿ, ಅದು ಹೆಮ್ಮೆಯ ವಿಷಯವೇ. ಆದರೆ ಕನಿಷ್ಠ ವೇತನ ಕಾಯಿದೆ ಹುಟ್ಟಿದ್ದು 1948ರಲ್ಲಿ. ಮಧ್ಯೆ 56 ವರ್ಷ.

ಡೆಟ್ರಾಯಿಟ್‌ನ ಲೆಕ್ಕ

ಇರಿ, ಇಷ್ಟೊತ್ತು ನ್ಯಾಯ ಅನ್ಯಾಯ ಮಾತಾಡಿದ್ದು ಸಾಕು, ಬಿಸಿನೆಸ್ ಮಾಡೋರು ಏನ್ಮಾಡ್ಬೇಕು ಅಂತ ಕೇಳ್ತೀರಿ ಅಲ್ವಾ? ಬಿ.ಕಾಂ. ಭಾಷೆಯಲ್ಲೇ ಹೇಳ್ತೀನಿ.

1913ರಲ್ಲಿ ಹೆನ್ರಿ ಫೋರ್ಡ್‌ನ ಕಾರ್ ಫ್ಯಾಕ್ಟರಿಗೂ ನನ್ನ ಗೆಳೆಯನ ಕಾಯಿಲೆಯೇ ಇತ್ತು. ಸುಮಾರು 14,000 ಜನರ ಕೆಲಸ ನಡೆಸೋಕೆ ಆ ವರ್ಷ 50,000ಕ್ಕೂ ಹೆಚ್ಚು ಜನರನ್ನ ನೇಮಿಸಬೇಕಾಯ್ತು. ವರ್ಷಕ್ಕೆ 370 ಪರ್ಸೆಂಟ್ ಟರ್ನೋವರ್. ನಮ್ಮ ಆರು ಜಾಗ, ಎಂಟು ತಿಂಗಳು, 19 ಜನ ಅನ್ನೋದನ್ನ ವರ್ಷಕ್ಕೆ ಲೆಕ್ಕ ಹಾಕಿದ್ರೆ 475 ಪರ್ಸೆಂಟ್. ಫೋರ್ಡ್‌ಗಿಂತ ಕೆಟ್ಟು ಕೂತಿದ್ವಿ.

ಫೋರ್ಡ್ 1914ರ ಜನವರಿಯಲ್ಲಿ ಏನು ಮಾಡಿದ ಅಂದ್ರೆ, ದಿನಕ್ಕೆ 9 ಗಂಟೆಗೆ 2.34 ಡಾಲರ್ ಇದ್ದದ್ದನ್ನ 8 ಗಂಟೆಗೆ 5 ಡಾಲರ್ ಮಾಡಿದ. ನೆಲ ಗುಡಿಸುವವನಿಗೂ 5 ಡಾಲರ್. 1914ರಲ್ಲಿ ಟರ್ನೋವರ್ 54 ಪರ್ಸೆಂಟ್‌ಗೆ ಇಳೀತು, 1915ರಲ್ಲಿ 16ಕ್ಕೆ. ಅದೇ ಊರು, ಅದೇ ಫ್ಯಾಕ್ಟರಿ. ಹಿಂದಿನ ವರ್ಷ ‘ನಂಬೋಕಾಗದ’ ಜನ ದಿಢೀರ್ ಅಂತ ನಂಬಿಕಸ್ಥರಾಗಿಬಿಟ್ರು.

ಫೋರ್ಡ್ ದೇವರೇನಲ್ಲ. ಆ 5 ಡಾಲರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲಾಭದ ಪಾಲು ಅಂತ ಷರತ್ತಿನ ಮೇಲೆ ಕೊಡ್ತಿದ್ದ. ಕುಡೀತಾರಾ, ಮನೆ ಚೊಕ್ಕಟವಾಗಿದೆಯಾ ಅಂತ ನೋಡೋಕೆ ಕಂಪನಿಯ ಇನ್‌ಸ್ಪೆಕ್ಟರ್‌ಗಳು ಕೆಲಸಗಾರರ ಮನೆಗೇ ಹೋಗ್ತಿದ್ರು. ಹೆಂಗಸರಿಗೆ ಶುರುವಿನಲ್ಲಿ ಆ ದರ ಸಿಗಲೇ ಇಲ್ಲ. ಮೇಮ್‌ಸಾಹೇಬರ ಒಂದು ರೂಪಾಯಿ ಇಲ್ಲೂ ಅಡಗಿತ್ತು. ಆದರೂ ಲೆಕ್ಕ ಸುಳ್ಳಲ್ಲ: ಜನ ಉಳಿಯಲಿಲ್ಲ ಅಂದ್ರೆ ಮೊದಲು ನೋಡಬೇಕಾದ್ದು ಅವರ ಕ್ಯಾರೆಕ್ಟರ್ ಅಲ್ಲ, ಕೆಲಸದ ಕ್ಯಾರೆಕ್ಟರ್.

ಮತ್ತೆ ಆ 7,500 ರೂಪಾಯಿ

ಇಷ್ಟು ಓದಿದ ಮೇಲೆ ನಾನೂ ಗೆಳೆಯನೂ ಒಂದು ಭಾನುವಾರ ಕೂತು ಮಾತಾಡಿದ್ವಿ. ಮೊದಲು ಹಳೇ ಕಾಗದ ಹರಿದು ಹಾಕಿದ್ವಿ. ಸಂಸತ್ತು 2019ರಲ್ಲಿ ಅಂಗೀಕರಿಸಿದ ವೇತನ ಸಂಹಿತೆ ಏನು ಹೇಳುತ್ತೆ ಅಂದ್ರೆ, ಕೆಲಸದಿಂದ ತೆಗೆದರೂ ಸರಿ, ಅವರೇ ಬಿಟ್ಟರೂ ಸರಿ, ಬರಬೇಕಾದ ಸಂಬಳ ಎರಡು ಕೆಲಸದ ದಿನದೊಳಗೆ ಕೈ ಸೇರಬೇಕು. ನನ್ನ ಪ್ಲಾನ್ ಪೂರ್ತಿ ಇದಕ್ಕೆ ಉಲ್ಟಾ. ಬಿ.ಕಾಂ. ಸರ್ಟಿಫಿಕೇಟ್ ಗೋಡೆ ಮೇಲಿಂದ ನನ್ನನ್ನೇ ನೋಡ್ತಿತ್ತು.

ಆಮೇಲೆ ನಾಲ್ಕು ಬದಲಾವಣೆ. ಒಂದು, ಪ್ರತಿ ಶನಿವಾರ ಸಂಜೆ ವಾರದ ಸಂಬಳ, ಯುಪಿಐನಲ್ಲಿ ಅಥವಾ ಕೈಯಲ್ಲಿ, ಅವರಿಗೆ ಹೇಗೆ ಬೇಕೋ ಹಾಗೆ. ಎರಡು, ನಾಳೆ ಯಾವ ಏರಿಯಾ, ಎಷ್ಟು ಗಂಟೆ ಅನ್ನೋದು ಹಿಂದಿನ ದಿನ ಸಂಜೆ ಏಳರೊಳಗೆ ಗೊತ್ತಾಗಬೇಕು. ಮನೆಯಲ್ಲಿ ಮಕ್ಕಳಿರೋರಿಗೆ ಇದು ಸಂಬಳದಷ್ಟೇ ಮುಖ್ಯ ಅಂತ ನಮಗೆ ಗೊತ್ತೇ ಇರಲಿಲ್ಲ. ಮೂರು, ಬಿಟ್ಟು ಹೋಗೋ ಪ್ರತಿಯೊಬ್ಬರಿಗೂ ಕೇಳದೇ ಇದ್ರೂ ಒಂದು ಅನುಭವ ಪತ್ರ, ಕನ್ನಡದಲ್ಲಿ, ಅವರಿಗೆ ಓದಿ ಹೇಳಿ ಸಹಿ ಹಾಕಿ ಕೊಡೋದು. ನಾಲ್ಕು, ಕಸ್ಟಮರ್ ಬಗ್ಗೆಯೂ ಕೆಲಸದವರ ಹತ್ರ ಕೇಳೋದು. ಊಟದ ಹೊತ್ತಲ್ಲಿ ಕೂರೋಕೆ ಬಿಡದ, ಬಾತ್‌ರೂಮ್ ಬಳಸೋಕೆ ಬಿಡದ, ಉಂಗುರ ಕಾಣೆಯಾಯ್ತು ಅಂತ ನಿಲ್ಲಿಸಿ ಬ್ಯಾಗ್ ಚೆಕ್ ಮಾಡಿ, ಆಮೇಲೆ ಕಪಾಟಲ್ಲೇ ಸಿಕ್ತು ಅಂತ ನಕ್ಕ ಮನೆಗಳಿಗೆ ಎರಡನೇ ಸಲ ಹೋಗಲ್ಲ.

ಪುಕ್ಕಟೆ ಆಗಲಿಲ್ಲ ಇದು. ರೇಟ್ ಏರಿಸಬೇಕಾಯ್ತು, ಕೆಲವು ಕಸ್ಟಮರ್ ಹೋದ್ರು. ಒಂದು ತಿಂಗಳು ಓಮ್ನಿ ಇನ್ಶೂರೆನ್ಸ್ ಕಟ್ಟೋಕೂ ಒದ್ದಾಡಿದ್ವಿ. ಆದರೆ ಆಮೇಲಿನ ಐದು ತಿಂಗಳಲ್ಲಿ ಬಿಟ್ಟು ಹೋದವರು ಇಬ್ಬರು. ಅದರಲ್ಲಿ ಒಬ್ಬ ಹುಡುಗ ನಮ್ಮ ಅನುಭವ ಪತ್ರ ತೋರಿಸಿ ಒಂದು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆದ. ಅವನೇ ತನ್ನ ಜಾಗಕ್ಕೆ ಅವನ ಅತ್ತಿಗೆಯನ್ನ ಕರ್ಕೊಂಡು ಬಂದು ಸೇರಿಸ್ದ. ಫೀಲ್ಡಿಂಗ್ ಅಣ್ಣತಮ್ಮಂದಿರ ರಿಜಿಸ್ಟರ್ ಕೂಡ ಇಷ್ಟು ಚೆನ್ನಾಗಿ ಕೆಲಸ ಮಾಡಿರಲಿಕ್ಕಿಲ್ಲ.

ಆ ರಾಯಚೂರಿನ ಅಕ್ಕನ ನಂಬರ್ ಹಳೇ ಹಾಜರಿ ಪುಸ್ತಕದಲ್ಲಿತ್ತು. 7,500 ರೂಪಾಯಿ ಕಳಿಸಿ, ತಪ್ಪು ನಮ್ಮದು ಅಂತ ಫೋನ್ ಮಾಡಿ ಹೇಳಿದೆ. ನಾಲ್ಕು ತಿಂಗಳು ತಡವಾಗಿ. ಅವರ ಅಮ್ಮ ಹೇಗಿದ್ದಾರೆ ಅಂತ ಕೇಳಿದೆ. ಹೋಗಿಬಿಟ್ರು ಅಂದ್ರು. ಆಸ್ಪತ್ರೆ ಖರ್ಚಿಗೆ ಈ ದುಡ್ಡು ಆಗ ಬೇಕಿತ್ತು ಅಂತ ಅವರು ಹೇಳಲಿಲ್ಲ. ಹೇಳಬೇಕಿರಲಿಲ್ಲ. ‘ದುಡ್ಡು ಬಂತ್ರೀ’ ಅಂದು ಫೋನ್ ಇಟ್ರು.

ವಾಪಸ್ ಕೆಲಸಕ್ಕೆ ಬನ್ನಿ ಅಂತ ಕರೆಯೋಕೆ ನನಗೆ ಬಾಯಿ ಬರಲಿಲ್ಲ. ಅವರು ನಮ್ಮನ್ನ ವೆರಿಫೈ ಮಾಡಿ ಆಗಿತ್ತು.

ನಿಮ್ಮಲ್ಲಿ ಯಾರಾದ್ರೂ ಸಣ್ಣ ಬಿಸಿನೆಸ್ ಮಾಡ್ತಿದ್ರೆ, ಇಲ್ಲಾ ಮನೆಗೆ ಕೆಲಸದವರನ್ನ ಹುಡುಕ್ತಿದ್ರೆ, ‘ನಂಬಿಕಸ್ಥರು ಇದ್ರೆ ಹೇಳಿ’ ಅಂತ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಹಾಕೋ ಮುಂಚೆ ಒಂದು ನಿಮಿಷ ಯೋಚನೆ ಮಾಡಿ. ಹಿಂದಿನ ಸಲ ಬಿಟ್ಟು ಹೋದವರು ನಿಮಗೊಂದು ನಡತೆ ಪತ್ರ ಬರೆದಿದ್ರೆ ಅದರಲ್ಲಿ ಏನಿರ್ತಿತ್ತು?